ಪ್ಲಾಸ್ಟಿಕ್ ನಿಜವಾಗಿಯೂ ಮಣ್ಣಾಗುತ್ತದೆಯೇ?

ಮೊಳಕಾಲ್ಮೂರು ತಾಲ್ಲೂಕಿನ ಕೊಂಡ್ಲಹಳ್ಳಿಯ ಸುತ್ತಮುತ್ತ ಮಳೆ ಕಡಿಮೆ. ಶೇಂಗಾ ಮುಖ್ಯ ಬೆಳೆ. ಇಂಥ ಹೊಲಗಳಿಗೆ ತಿಪ್ಪೆಗೊಬ್ಬರ ಹೊಡೆದಾಗ ಅದರೊಡನೆ ಪ್ಲಾಸ್ಟಿಕ್ ಚೂರುಗಳೂ ಸೇರುತ್ತವೆ. ಸಗಣಿ, ಸೊಪ್ಪು, ಹೊಟ್ಟು ಕಾಲಕ್ರಮದಲ್ಲಿ ಮಣ್ಣಾಗುತ್ತವೆ. ಪ್ಲಾಸ್ಟಿಕ್ ಮಾತ್ರ ಉಳಿಯುತ್ತದೆ. ಇದಕ್ಕೆ ಕಾರಣವೇನು?

ವಿದ್ಯಾರ್ಥಿಗಳೇ, ಪ್ಲಾಸ್ಟಿಕ್ ಒಂದು ಪಾಲಿಮರ್. ಅಂದರೆ ಸಾವಿರಾರು ಚಿಕ್ಕ ಅಣುಗಳು ಕೊಂಡಿಗಳಂತೆ ಸೇರಿ ಆದ ಉದ್ದನೆಯ ಸರಪಳಿ. ಹತ್ತಿಯಲ್ಲಿರುವ ಸೆಲ್ಯುಲೋಸ್ ಕೂಡ ಪಾಲಿಮರೇ. ಆದರೆ ಸೆಲ್ಯುಲೋಸಿನ ಕೊಂಡಿಯನ್ನು ಕತ್ತರಿಸಬಲ್ಲ ಕಿಣ್ವಗಳು ಮಣ್ಣಿನ ಸೂಕ್ಷ್ಮಜೀವಿಗಳಲ್ಲಿವೆ. ಪಾಲಿಥೀನಿನ ಇಂಗಾಲದ ಸರಪಳಿ ಅವುಗಳಿಗೆ ಸುಲಭವಾಗಿ ದಕ್ಕುವುದಿಲ್ಲ.

ಹಾಗಾದರೆ ಸೂಕ್ಷ್ಮಜೀವಿಗಳು ತಿನ್ನಬಲ್ಲ ಪ್ಲಾಸ್ಟಿಕನ್ನೇ ತಯಾರಿಸಬಾರದೇಕೆ? 1926ರಲ್ಲಿ ಫ್ರಾನ್ಸಿನ ಮಾರಿಸ್ ಲೆಮ್ವಾನ್ ಅವರು, ಒಂದು ಬಗೆಯ ಬ್ಯಾಕ್ಟೀರಿಯಾ ತನ್ನ ದೇಹದಲ್ಲಿ ಆಹಾರವಾಗಿ ಕೂಡಿಟ್ಟುಕೊಳ್ಳುವ ಪಾಲಿಮರನ್ನು ಗುರುತಿಸಿದರು. ನಮ್ಮ ರಾಜ್ಯದಲ್ಲಿಯೂ ಈ ದಿಕ್ಕಿನ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಔಡಲ ಎಣ್ಣೆಗೆ ಬೆಳೆಯ ಕೂಳೆಯಿಂದ ತೆಗೆದ ಸೆಲ್ಯುಲೋಸ್ ಸೇರಿಸಿ, ಕೊಳೆಯಬಲ್ಲ ಹಾಳೆಗಳನ್ನು ತಯಾರಿಸಿದ್ದಾರೆ. ಎಣ್ಣೆಯ ಪಾಲು ಹೆಚ್ಚಿದರೆ ಹಾಳೆ ಬಾಗುತ್ತದೆ; ಸೆಲ್ಯುಲೋಸ್ ಹೆಚ್ಚಿದರೆ ಬಿರುಸಾಗುತ್ತದೆ. ಔಡಲವಾಗಲಿ ಕೂಳೆಯಾಗಲಿ ನಮ್ಮ ಬಯಲುಸೀಮೆಗೆ ಹೊಸದಲ್ಲ. ಇದೇ ಸಂಸ್ಥೆಯ ಎರಡನೆಯ ಆವರಣ ಚಳ್ಳಕೆರೆ ತಾಲ್ಲೂಕಿನಲ್ಲಿಯೇ ಇದೆ.

ಇನ್ನು ಪರೀಕ್ಷೆಯ ವಿಷಯ. ಚೀಲವೊಂದು ಪುಡಿಪುಡಿಯಾಗಿ ಕಣ್ಣಿಗೆ ಕಾಣದಂತಾದರೆ ಅದು ಕೊಳೆಯಿತೆಂದು ಹೇಳಲಾಗದು. ಸೂಕ್ಷ್ಮಜೀವಿಗಳು ಅದನ್ನು ತಿಂದು ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಹೊರಬರಬೇಕು. ಪ್ರಯೋಗಾಲಯದಲ್ಲಿ ಅಳೆಯುವುದು ಇದನ್ನೇ. ಒಂದು ಪಾತ್ರೆಯಲ್ಲಿ ಬರೀ ಕಾಂಪೋಸ್ಟ್, ಇನ್ನೊಂದರಲ್ಲಿ ಕಾಂಪೋಸ್ಟಿನೊಡನೆ ಪ್ಲಾಸ್ಟಿಕ್, ಮತ್ತೊಂದರಲ್ಲಿ ಹೋಲಿಕೆಗಾಗಿ ಸೆಲ್ಯುಲೋಸ್ ಇಟ್ಟು, ತೇವವನ್ನು ಕಾಯ್ದು, 58 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯಾಡಿಸುತ್ತಾರೆ.

ಒಂದು ಲೆಕ್ಕ ಮಾಡೋಣ. 10 ಗ್ರಾಂ ಪ್ಲಾಸ್ಟಿಕ್‌ನಲ್ಲಿ 5 ಗ್ರಾಂ ಇಂಗಾಲವಿದೆ ಎನ್ನಿ. 12 ಗ್ರಾಂ ಇಂಗಾಲದಿಂದ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಬರುವುದರಿಂದ, ಪೂರ್ಣ ಕೊಳೆತಾಗ ಸುಮಾರು 18.3 ಗ್ರಾಂ ಅನಿಲ ದೊರೆಯಬೇಕು. ಬರೀ ಕಾಂಪೋಸ್ಟಿನಿಂದ ಬಂದ ಅನಿಲವನ್ನು ಕಳೆದ ಮೇಲೆ, 180 ದಿನಗಳೊಳಗೆ ಇದರ ಶೇಕಡ 90, ಅಂದರೆ ಸುಮಾರು 16.5 ಗ್ರಾಂ ಬಂದಿರಬೇಕು. ಇಷ್ಟೇ ಅಲ್ಲ, 12 ವಾರಗಳ ಬಳಿಕ ಕಾಂಪೋಸ್ಟನ್ನು 2 ಮಿಲಿಮೀಟರ್ ಜರಡಿಯಲ್ಲಿ ಜಾಲಿಸಿದಾಗ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಚೂರು ಉಳಿಯಕೂಡದು. ಆ ಗೊಬ್ಬರದಲ್ಲಿ ಬೀಜ ಚೆನ್ನಾಗಿ ಮೊಳೆಯಲೂ ಬೇಕು. ಕಾಂಪೋಸ್ಟ್ ಆಗುವ ಪ್ಲಾಸ್ಟಿಕ್ಕಿಗೆ ನಮ್ಮ ದೇಶದ ಮಾನದಂಡ ಐಎಸ್ 17088.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 58 ಡಿಗ್ರಿ ಶಾಖ ಮತ್ತು ಸದಾ ತೇವ ದೊಡ್ಡ ಕಾಂಪೋಸ್ಟ್ ಘಟಕದಲ್ಲಿರುತ್ತವೆ; ಕೊಂಡ್ಲಹಳ್ಳಿಯ ಒಣ ಹೊಲದಲ್ಲಿ ಇರುವುದಿಲ್ಲ. ಮೆಕ್ಕೆಜೋಳದ ಸಕ್ಕರೆಯಿಂದ ತಯಾರಾಗುವ ಪಾಲಿಲ್ಯಾಕ್ಟಿಕ್ ಆಮ್ಲದ ಲೋಟ ಘಟಕದಲ್ಲಿ ಕೊಳೆಯುತ್ತದೆ. ಸಾಧಾರಣ ಮಣ್ಣಿನಲ್ಲಿ ಬಹುಕಾಲ ಹಾಗೇ ಇರುತ್ತದೆ. ಆದ್ದರಿಂದಲೇ ಹೊಲಕ್ಕೆ ಹೊದಿಸುವ ಹಾಳೆಗೆ ಬೇರೆ ಪರೀಕ್ಷೆ ಉಂಟು. 2018ರ ಯುರೋಪಿನ ಮಾನದಂಡದಂತೆ ಅದು ಮಣ್ಣಿನಲ್ಲಿ ಎರಡು ವರ್ಷದೊಳಗೆ ಶೇಕಡ 90ರಷ್ಟು ಕೊಳೆಯಬೇಕು.

ನೀವೂ ಒಂದು ಪ್ರಯೋಗ ಮಾಡಬಹುದು. ಎರಡು ಕುಂಡಗಳಲ್ಲಿ ಹತ್ತಿಬಟ್ಟೆ, ಕಾಗದ, ಮಾಮೂಲಿ ಚೀಲ, ‘ಕೊಳೆಯುತ್ತದೆ’ ಎಂದು ಬರೆದ ಚೀಲ, ಇವುಗಳ ಒಂದೇ ಅಳತೆಯ ತುಂಡುಗಳನ್ನು ಹೂಳಿರಿ. ಒಂದಕ್ಕೆ ನೀರು ಹನಿಸುತ್ತಿರಿ, ಇನ್ನೊಂದನ್ನು ಒಣಗಲು ಬಿಡಿ. ತಿಂಗಳಿಗೊಮ್ಮೆ ತೆಗೆದು ನೋಡಿ ಬರೆದಿಡಿ.

ಮುಂದೆ ಅಂಗಡಿಯವರು ‘ಇದು ಮಣ್ಣಾಗುವ ಚೀಲ’ ಎಂದಾಗ ನೀವು ಕೇಳಬೇಕಾದದ್ದು ಇಷ್ಟೇ: ಎಲ್ಲಿ? ಎಷ್ಟು ದಿನದಲ್ಲಿ? ಅಳೆದವರು ಯಾರು?