ಇಪ್ಪತ್ತನೆಯವರು ಯಾರು?

ಖಾಲಿಯಾದ ಒಂದು ಜಾಗಕ್ಕೆ ಯಾರನ್ನು ಸೇರಿಸಿಕೊಳ್ಳಬೇಕು ಅನ್ನುವುದರಲ್ಲೇ ಮಹಿಳಾ ಸಂಘದ ಒಂದಿಡೀ ಸಭೆ ಮುಗಿದುಹೋಗುವುದುಂಟು. ಸದಸ್ಯೆಯೊಬ್ಬರು ಮಗನ ಮನೆಗೆಂದು ಬೆಂಗಳೂರಿಗೆ ಹೊರಟಿದ್ದಾರೆ ಅನ್ನೋಣ. ಆ ಜಾಗ ಅವರ ಸೊಸೆಗೆ ಸಲ್ಲಬೇಕೆ? ಗಂಡನನ್ನು ಕಳೆದುಕೊಂಡು ತವರಿಗೆ ಬಂದಿರುವ ಹೆಣ್ಣುಮಗಳಿಗೆ ಕೊಡಬೇಕೆ? ಹೊಸದಾಗಿ ಬಾಡಿಗೆಗೆ ಬಂದ ಮನೆಯಾಕೆಯನ್ನು ನಂಬಬಹುದೆ? ನಾಗಮಂಗಲ ತಾಲ್ಲೂಕಿನ ದೇವಲಾಪುರ ಹೋಬಳಿಯಂಥ ಕಡೆ ಇದು ಬರೀ ಹೆಸರು ಬರೆದುಕೊಳ್ಳುವ ಕೆಲಸವಲ್ಲ. ನಾಳೆ ಆಕೆ ಕಂತು ಕಟ್ಟದಿದ್ದರೆ ಬ್ಯಾಂಕಿನ ಮುಂದೆ ಉತ್ತರ ಹೇಳಬೇಕಾದವರು ಉಳಿದ ಹತ್ತೊಂಬತ್ತು ಮಂದಿ.

ಮಂಡ್ಯ ಜಿಲ್ಲೆ ಅಂದಕೂಡಲೇ ಕನ್ನಂಬಾಡಿ ನಾಲೆ, ಭತ್ತ, ಕಬ್ಬು ಕಣ್ಣಮುಂದೆ ಬರುತ್ತವೆ. ನಾಗಮಂಗಲ ಸೀಮೆಯ ಬದುಕು ಬೇರೆ. ಇಲ್ಲಿ ಹೆಚ್ಚಿನದು ಮಳೆ ನಂಬಿದ ಹೊಲ. ರಾಗಿ, ಹುರುಳಿ, ಒಂದಷ್ಟು ತೆಂಗು, ಕೊಟ್ಟಿಗೆಯಲ್ಲಿ ಒಂದೆರಡು ಹಸು. ಕೈಯಲ್ಲಿ ರೊಕ್ಕ ಓಡಾಡುವ ತಿಂಗಳುಗಳು ಕಡಿಮೆ. ಹಿಂದೆ ಹೆಂಗಸರಿಗೆ ಇದ್ದ ದಾರಿ ಕೈಸಾಲ, ಚೀಟಿ, ಹೊಲದ ಕೆಲಸಕ್ಕೆ ಮುಯ್ಯಾಳು. ಯಾವುದರಲ್ಲೂ ಸೇರ್ಪಡೆ ಅನ್ನುವ ಕಟ್ಟುಪಾಡು ಇರಲಿಲ್ಲ. ನೆಂಟಸ್ತನ, ನೆರೆಹೊರೆ, ಕೇರಿ ಇಷ್ಟರಲ್ಲೇ ಯಾರು ಒಳಗೆ, ಯಾರು ಹೊರಗೆ ಅನ್ನುವುದು ತೀರ್ಮಾನವಾಗಿಬಿಡುತ್ತಿತ್ತು.

ಸದಸ್ಯರು ತಾವೇ ಒಬ್ಬರನ್ನೊಬ್ಬರು ಆರಿಸಿಕೊಳ್ಳಬೇಕು ಅನ್ನುವ ನಿಯಮ ಸ್ಪಷ್ಟವಾಗಿ ರೂಪುಗೊಂಡದ್ದು ಕರ್ನಾಟಕದಲ್ಲೇ. 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿಸಿತ್ತು. ಎಂಬತ್ತರ ದಶಕದ ನಡುವಿನಲ್ಲಿ ಅವುಗಳಲ್ಲಿ ಕೆಲವು ಒಡೆದವು. ಆದರೆ ಒಡೆದ ಸಂಘದ ಜನ ಸುಮ್ಮನೆ ಚದುರಿಹೋಗಲಿಲ್ಲ. ನಾವು ಹತ್ತು-ಹದಿನೈದು ಜನ ಒಬ್ಬರಿಗೊಬ್ಬರು ಆಗಿಬರುತ್ತೇವೆ, ನಮ್ಮಷ್ಟಕ್ಕೆ ನಾವು ನಡೆಸುತ್ತೇವೆ ಎಂದು ಸಣ್ಣ ಸಣ್ಣ ಗುಂಪುಗಳಾಗಿ ಮುಂದೆ ಬಂದರು. ಮೈರಾಡ ಅದನ್ನು ಸೋಲೆಂದು ಎಣಿಸದೆ ಪಾಠವೆಂದು ತೆಗೆದುಕೊಂಡಿತು. ನಬಾರ್ಡ್ ಬೆಂಬಲಕ್ಕೆ ಬಂತು. 1992ರಲ್ಲಿ ದೇಶದ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರುವಾಯಿತು. ಇವತ್ತು ದೇಶದ ಹಳ್ಳಿಹಳ್ಳಿಯಲ್ಲಿರುವ ಸ್ವಸಹಾಯ ಸಂಘಕ್ಕೆ ಬುನಾದಿ ಇದೇ. ಒಬ್ಬರಿಗೊಬ್ಬರು ಆಗಿಬರುವವರು ಮಾತ್ರ ಒಂದು ಗುಂಪು: ಇದಕ್ಕಿಂತ ಗಟ್ಟಿಯಾದ ಸೇರ್ಪಡೆಯ ನಿಯಮವನ್ನು ಆಮೇಲಿನ ಯಾವ ಯೋಜನೆಯೂ ಕೊಟ್ಟಿಲ್ಲ ಎಂದೇ ನನ್ನ ನಂಬಿಕೆ.

ಊರೂರಿಗೆ ಸಂಘ ಬಂದದ್ದು 2000-01ರಲ್ಲಿ, ಸ್ತ್ರೀಶಕ್ತಿ ಯೋಜನೆಯೊಂದಿಗೆ. ಆಗ ಮುಖ್ಯಮಂತ್ರಿಯಾಗಿದ್ದವರು ಇದೇ ಮಂಡ್ಯ ಜಿಲ್ಲೆಯ ಎಸ್.ಎಂ. ಕೃಷ್ಣ. ಸಂಘ ಕಟ್ಟುವ ಹೊಣೆ ಅಂಗನವಾಡಿ ಕಾರ್ಯಕರ್ತೆಯ ಹೆಗಲಿಗೆ ಬಿತ್ತು. ಬಡತನದ ರೇಖೆಗಿಂತ ಕೆಳಗಿನ ಮನೆ, ಭೂಮಿಯಿಲ್ಲದ ಕೂಲಿ ಮನೆ, ಪರಿಶಿಷ್ಟರ ಮನೆ, ಗಂಡಸರ ಕುಡಿತದಿಂದ ಬೇಸತ್ತ ಮನೆ, ಹೀಗೆ ನೋಡಿ ಹದಿನೈದರಿಂದ ಇಪ್ಪತ್ತು ಹೆಂಗಸರನ್ನು ಒಟ್ಟುಗೂಡಿಸಬೇಕಿತ್ತು. ಸರ್ಕಾರ ಸಂಘಕ್ಕೆ 5,000 ರೂಪಾಯಿ ಸುತ್ತುನಿಧಿ ಕೊಟ್ಟಿತು.

ಆ ದಿನಗಳಲ್ಲಿ ಹೆಂಗಸರು ಸೇರಲು ಹಿಂಜರಿಯುತ್ತಿದ್ದರು. ಗಂಡಸರು ಬಿಡುತ್ತಿರಲಿಲ್ಲ, ಅತ್ತೆಯರು ಗೊಣಗುತ್ತಿದ್ದರು, ದುಡ್ಡು ಎತ್ತಿಕೊಂಡು ಓಡಿಹೋದರೆ ಯಾರನ್ನು ಕೇಳುವುದು ಅನ್ನುವ ಅನುಮಾನ ಬೇರೆ. ಅಂಗನವಾಡಿ ಮೇಡಂ ಮನೆಮನೆಗೆ ಹೋಗಿ ಕೂತು, "ಅಕ್ಕ, ವಾರಕ್ಕೆ ಹತ್ತು ರೂಪಾಯಿ ಅಷ್ಟೇ" ಎಂದು ಒಪ್ಪಿಸಬೇಕಾಗುತ್ತಿತ್ತು. ಮೇಡಂ ಮೇಲಿನ ನಂಬಿಕೆಯೇ ಆಗ ಸದಸ್ಯತ್ವದ ಮೊದಲ ಮೆಟ್ಟಿಲು. ಸೇರಿದವರಲ್ಲಿ ಎಷ್ಟೋ ಮಂದಿ ಹೆಬ್ಬೆಟ್ಟಿನವರು. ಸಹಿ ಕಲಿತದ್ದೇ ಸಂಘದ ಚಾಪೆಯ ಮೇಲೆ. ಬ್ಯಾಂಕಿನ ಕೌಂಟರಿನ ಮುಂದೆ ಜೀವನದಲ್ಲಿ ಮೊದಲ ಸಲ ನಿಂತದ್ದೂ ಸಂಘದ ಪ್ರತಿನಿಧಿಯಾಗಿಯೇ.

ನಡುವೆ ಬಂದು ಸೇರುವವರ ಲೆಕ್ಕವನ್ನು ಹತ್ತಿರದಿಂದ ನೋಡಬೇಕು. ವಾರಕ್ಕೆ 20 ರೂಪಾಯಿಯಂತೆ ಮೂರು ವರ್ಷ ನಡೆದ ಸಂಘವಾದರೆ ಒಬ್ಬೊಬ್ಬರ ಹೆಸರಿನಲ್ಲಿ 3,120 ರೂಪಾಯಿ ಉಳಿತಾಯ ಇರುತ್ತದೆ. ಅದರ ಮೇಲೆ ಒಳಸಾಲದ ಬಡ್ಡಿಯ ಪಾಲೂ ಬೆಳೆದಿರುತ್ತದೆ. ಹೊಸಬರು ಅಷ್ಟನ್ನೂ ಒಟ್ಟಿಗೆ ತುಂಬಿ ಸಮಕ್ಕೆ ಬರಬೇಕೆಂದು ಕೆಲವು ಸಂಘಗಳು ಕೇಳುತ್ತವೆ. ಕೆಲವು ಕಡೆ ಕಂತಿನಲ್ಲಿ ತುಂಬಲು ಬಿಟ್ಟು, ತುಂಬುವ ತನಕ ದೊಡ್ಡ ಸಾಲ ಕೊಡುವುದಿಲ್ಲ. ಆಕೆಯ ಪರವಾಗಿ ಹಳೆಯ ಸದಸ್ಯೆಯೊಬ್ಬರು ಮಾತು ಕೊಡುತ್ತಾರೆ. ಎಲ್ಲರೂ ಒಪ್ಪಿದ ಮೇಲೆ ನಡಾವಳಿ ಪುಸ್ತಕದಲ್ಲಿ ತೀರ್ಮಾನ ಬರೆದು ಸಹಿ ಹಾಕುತ್ತಾರೆ. ಮೂರು ಸಾವಿರ ಹೊಂದಿಸಲಾರದವಳಿಗೇ ಸಂಘದ ಆಸರೆ ಹೆಚ್ಚು ಬೇಕಾಗಿರುತ್ತದೆ. ಕಂತಿಗೆ ಒಪ್ಪುವ ಸಂಘದ ದೊಡ್ಡತನ ಇರುವುದು ಅಲ್ಲಿ.

ಆಗಿಬರುವವರನ್ನೇ ಆರಿಸಿಕೊಳ್ಳುವ ಪದ್ಧತಿಗೆ ಇನ್ನೊಂದು ಮುಖ ಇದೆ, ಅದನ್ನು ಮುಚ್ಚಿಡಬಾರದು. ಕೇರಿಗೊಂದು ಸಂಘವಾದಾಗ ಅದು ಎಷ್ಟೋ ಕಡೆ ಜಾತಿಗೊಂದು ಸಂಘವೂ ಆಯಿತು. ಒಂಟಿ ಹೆಂಗಸು, ಕಾಯಿಲೆಯವರು, ವಲಸೆ ಬಂದ ಕೂಲಿಯವರು "ಕಟ್ಟೋಕ್ಕಾಗಲ್ಲ" ಅನ್ನುವ ಒಂದು ಮಾತಿನಲ್ಲಿ ಹೊರಗೆ ಉಳಿದರು.

2011ರಲ್ಲಿ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ಬಂತು. ನಮ್ಮ ರಾಜ್ಯದಲ್ಲಿ ಅದರ ಹೆಸರು ಸಂಜೀವಿನಿ. ಬಿಟ್ಟುಹೋದವರನ್ನು ಹುಡುಕಿ ಒಳಗೆ ತರುವುದು ಅದರ ಉದ್ದೇಶಗಳಲ್ಲೊಂದು. ಬಡ ಕುಟುಂಬಗಳನ್ನು ಊರಿನವರ ಜೊತೆ ಕೂತೇ ಗುರುತಿಸಬೇಕು, ಮನೆಗೊಬ್ಬ ಹೆಂಗಸಾದರೂ ಸಂಘದಲ್ಲಿರಬೇಕು. ಸಂಘಕ್ಕೆ ಹತ್ತರಿಂದ ಇಪ್ಪತ್ತು ಜನ, ಅಂಗವಿಕಲರ ಗುಂಪಾದರೆ ಐದು ಜನರಿದ್ದರೂ ಸಾಕು. ನಿಯಮಿತ ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಪುಸ್ತಕ ಬರೆಯುವುದು ಎಂಬ ಪಂಚಸೂತ್ರವನ್ನು ಸೇರುವಾಗಲೇ ಹೇಳಿಕೊಡುತ್ತಾರೆ. ಸಂಘಗಳ ಮೇಲೆ ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟ ಇದೆ. ಓದಿದ ಸೊಸೆಯಂದಿರು ಈಗ ಸಾಲಕ್ಕಾಗಿ ಮಾತ್ರ ಬರುವುದಿಲ್ಲ. ಒಕ್ಕೂಟದ ಪುಸ್ತಕ ಬರೆಯುವವರಾಗಿ, ಕೃಷಿ ಸಖಿ, ಪಶು ಸಖಿಯಾಗಿ, ಪಂಚಾಯಿತಿಯ ಕಸದ ಗಾಡಿ ಓಡಿಸುವವರಾಗಿ ಕೆಲಸ ಮಾಡುವವರಿದ್ದಾರೆ. ಸಂಘದಿಂದ ಪಂಚಾಯಿತಿ ಚುನಾವಣೆಗೆ ನಿಂತವರೂ ಉಂಟು.

ಇದೇ ಹೊತ್ತಿಗೆ ಇನ್ನೊಂದು ಬಗೆಯ ಸೇರ್ಪಡೆ ಹಳ್ಳಿಗೆ ನುಗ್ಗಿತು. ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕು ಐದೈದು ಹೆಂಗಸರ ಗುಂಪು ಮಾಡಿ ಸಾಲ ಕೊಟ್ಟು ಹೆಸರಾಗಿತ್ತು. ಅದೇ ಮಾದರಿಯಲ್ಲಿ ಖಾಸಗಿ ಮೈಕ್ರೋ ಫೈನಾನ್ಸ್ ಕಂಪನಿಗಳ ಹುಡುಗರು ಬೈಕಿನಲ್ಲಿ ಬಂದರು. ಆಧಾರ್ ಕಾರ್ಡು, ಒಂದು ಫೋಟೋ, ಜೊತೆಗೆ ನಾಲ್ಕು ಹೆಂಗಸರು ಇದ್ದರೆ ಕೆಲವೇ ದಿನದಲ್ಲಿ ಸಾಲ ಕೈಗೆ. ಉಳಿತಾಯ ಬೇಡ, ನಡಾವಳಿ ಬೇಡ, ವರ್ಷಗಟ್ಟಲೆಯ ಪರಿಚಯವೂ ಬೇಡ. ಊರಿನಲ್ಲಿ ಇದನ್ನೂ ಸಂಘ ಎಂದೇ ಕರೆದರು, ಅದು ನನಗೆ ಸಂಕಟದ ವಿಷಯ. ಜಾಮೀನಿನ ಹೊರೆ ಮಾತ್ರ ಹಳೆಯ ಸಂಘದ್ದೇ, ಆರಿಸಿಕೊಳ್ಳುವ ಹಕ್ಕು ಹೆಂಗಸರ ಕೈ ತಪ್ಪಿತು. ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ರಾತ್ರಿಯವರೆಗೆ ಅವಳ ಬಾಗಿಲಲ್ಲಿ ಕೂರುವಂತಾಯಿತು. ಒಂದೇ ಮನೆಗೆ ಮೂರು-ನಾಲ್ಕು ಕಡೆಯ ಕಂತು, ಒಂದರ ಸಾಲ ತೀರಿಸಲು ಇನ್ನೊಂದು. ವಸೂಲಿಯ ಕಿರುಕುಳಕ್ಕೆ ಜನ ಊರು ಬಿಟ್ಟ, ಜೀವ ಕಳೆದುಕೊಂಡ ಸುದ್ದಿಗಳು ರಾಜ್ಯದ ನಾನಾ ಕಡೆಯಿಂದ ಬಂದ ಮೇಲೆ 2025ರ ಫೆಬ್ರವರಿಯಲ್ಲಿ ಸರ್ಕಾರ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ಹೊರಡಿಸಿತು.

ಈಗ ಹಳೆಯ ಸಂಘಗಳ ಮೊದಲ ತಲೆಮಾರಿಗೆ ವಯಸ್ಸಾಗಿದೆ. ಇಪ್ಪತ್ತೈದು ವರ್ಷದ ಹಿಂದೆ ಸಣ್ಣ ಕೂಸನ್ನು ಮಡಿಲಲ್ಲಿಟ್ಟುಕೊಂಡು ಸಭೆಗೆ ಬರುತ್ತಿದ್ದವರು ಅಜ್ಜಿಯರಾಗಿದ್ದಾರೆ. ಅತ್ತೆಯ ಜಾಗ ಸೊಸೆಗೆ ಅನ್ನುವುದು ಅನೇಕ ಕಡೆ ಬರೆಯದ ನಿಯಮವಾಗಿಬಿಟ್ಟಿದೆ. ಅತ್ತೆಯ ಉಳಿತಾಯ ಸೊಸೆಯ ಹೆಸರಿಗೆ ಬರುತ್ತದೆ, ಸಾಲ ಬಾಕಿ ಇದ್ದರೆ ಅದೂ ಬರುತ್ತದೆ. ಮನೆಯ ನಂಟು ಉಳಿಯುತ್ತದೆ ಅನ್ನುವುದು ನಿಜ. ಆದರೆ ಹೀಗೆ ಜಾಗ ಆಸ್ತಿಯಂತೆ ಇಳಿದುಬಂದರೆ ಹೊರಗಿನವರ ಸರದಿ ಯಾವತ್ತೂ ಬರುವುದಿಲ್ಲ. ಇದಕ್ಕೆ ಸುಲಭವಾದ ದಾರಿ ಇದೆ: ಸೊಸೆಯಂದಿರು, ಬಾಡಿಗೆ ಮನೆಯವರು, ತವರಿಗೆ ಮರಳಿದವರು ಸೇರಿ ಹತ್ತು ಜನರಾದರೆ ಸಾಕು, ಒಕ್ಕೂಟದ ಕೆಳಗೆ ಬೇರೆಯದೇ ಸಂಘ ಕಟ್ಟಬಹುದು. ಪುಸ್ತಕ ಬರೆಯುವುದನ್ನು ಹಳೆಯ ಸಂಘದವರೇ ಮೊದಲ ಆರು ತಿಂಗಳು ಹೇಳಿಕೊಟ್ಟರೆ, ಬ್ಯಾಂಕಿನ ಮುಂದೆ ಹೋಗುವ ಹೊತ್ತಿಗೆ ಹೊಸ ಸಂಘಕ್ಕೂ ತನ್ನದೇ ನಡಾವಳಿ ಇರುತ್ತದೆ.