ಅಮ್ಮನಿಗೆ ನಲವತ್ತಾರು, ನಮಗೆ ಇಪ್ಪತ್ತು

ನಮ್ಮ ಕ್ಲಾಸಿನ ಹೆಚ್ಚಿನವರಿಗೆ ಈಗ ಇಪ್ಪತ್ತರ ಆಸುಪಾಸು. ಅಮ್ಮಂದಿರಿಗೆ ನಲವತ್ತು ದಾಟಿ ನಾಲ್ಕಾರು ವರ್ಷ. ನಾವು ಇಂಟರ್ನಲ್ಸ್, ಬ್ಯಾಕ್‌ಲಾಗ್, ಪ್ಲೇಸ್‌ಮೆಂಟ್ ಎಂದು ತಲೆ ಕೆಡಿಸಿಕೊಂಡಿರುವ ಹೊತ್ತಿಗೇ ಅವರ ದೇಹದಲ್ಲೂ ದೊಡ್ಡದೊಂದು ಬದಲಾವಣೆ ನಡೆದಿರುತ್ತದೆ. ಅದೇ ಋತುಬಂಧ. ಮನೆಯಲ್ಲಿ ಹೆಂಗಸರು 'ಮುಟ್ಟು ನಿಂತಿದೆ' ಎಂದು ತಮ್ಮತಮ್ಮಲ್ಲೇ ಪಿಸುಗುಟ್ಟುತ್ತಾರೆ. ಗಂಡುಮಕ್ಕಳ ಕಿವಿಗೆ ಅದೂ ಬೀಳುವುದಿಲ್ಲ.

ಇದು ಕಾಯಿಲೆಯಲ್ಲ. ಸಾಮಾನ್ಯವಾಗಿ 45ರಿಂದ 55 ವರ್ಷದೊಳಗೆ ಅಂಡಾಶಯಗಳಲ್ಲಿ ಈಸ್ಟ್ರೋಜನ್ ಹಾರ್ಮೋನು ಕಡಿಮೆಯಾಗುತ್ತದೆ. ಬೇರೆ ಕಾರಣವಿಲ್ಲದೆ ಸತತ 12 ತಿಂಗಳು ಮುಟ್ಟಾಗದಿದ್ದರೆ ಋತುಬಂಧ ಎನ್ನುತ್ತಾರೆ. ಆದರೆ ತೊಂದರೆಗಳು ಅದಕ್ಕೂ ಕೆಲವು ವರ್ಷ ಮುಂಚೆಯೇ ಶುರುವಾಗಬಹುದು: ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯಾಗಿ ಬೆವರುವುದು, ನಿದ್ದೆ ಬಾರದಿರುವುದು, ಕೀಲುನೋವು, ಮರೆವು, ಸಣ್ಣದಕ್ಕೂ ಸಿಟ್ಟು ಅಥವಾ ಅಳು. ಅಂಡಾಶಯಗಳನ್ನು ಆಪರೇಷನ್ ಮಾಡಿ ತೆಗೆಸಿಕೊಂಡವರಿಗೆ ಇದೆಲ್ಲ ಒಮ್ಮೆಲೇ ಬರುತ್ತದೆ.

ನಮ್ಮ ಊರುಗಳ ಕೆಲಸದ ಜೊತೆ ಇದನ್ನು ಸೇರಿಸಿ ನೋಡಿ. ರಾಮನಗರದ ರೇಷ್ಮೆ ಬಿಚ್ಚಾಣಿಕೆ ಘಟಕಗಳಲ್ಲಿ ಗೂಡು ಬೇಯುವ ಬಿಸಿನೀರಿನ ಹಬೆಯ ನಡುವೆಯೇ ನೂಲು ತೆಗೆಯಬೇಕು. ಚನ್ನಪಟ್ಟಣದ ಬೊಂಬೆ ಕೆಲಸದಲ್ಲಿ ಗಂಟೆಗಟ್ಟಲೆ ಕೂತಿರಬೇಕು. ಕನಕಪುರ, ಮಾಗಡಿ ಕಡೆ ಹೊಲ, ಹಸು, ಹಿಪ್ಪುನೇರಳೆ ಸೊಪ್ಪಿನ ಹೊರೆ. ಒಳಗಿನ ಬಿಸಿಗೆ ಹೊರಗಿನ ಬಿಸಿಯೂ ಸೇರಿದರೆ ಹೇಗಿರುತ್ತದೆ? ನಮ್ಮಮ್ಮ ಬಿಚ್ಚಾಣಿಕೆ ಕೆಲಸಕ್ಕೆ ಹೋಗುವವರು. ರಾತ್ರಿ ಎರಡು ಗಂಟೆಗೆ ಎದ್ದು ಕೂರುತ್ತಿದ್ದರು. ಕೇಳಿದರೆ 'ಸುಸ್ತು ಕಣಪ್ಪ, ವಯಸ್ಸಾಯ್ತಲ್ಲ' ಎಂಬ ಒಂದೇ ಉತ್ತರ.

ಈಸ್ಟ್ರೋಜನ್ ತಗ್ಗಿದಾಗ ಮೂಳೆ ಸವೆಯುವುದೂ ಹೆಚ್ಚುತ್ತದೆ. ಹೃದ್ರೋಗದ ಅಪಾಯವೂ ಏರುತ್ತದೆ. 'ನಾವು ಮುದ್ದೆ ತಿನ್ನುವವರು, ಮೂಳೆ ಗಟ್ಟಿ' ಎನ್ನುವವರಿಗೆ ಒಂದು ಲೆಕ್ಕ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಈ ವಯಸ್ಸಿನವರಿಗೆ ದಿನಕ್ಕೆ ಬೇಕಾದದ್ದು 1000ದಿಂದ 1200 ಮಿಲಿಗ್ರಾಂ. ಮುದ್ದೆ ಒಳ್ಳೆಯದೇ, ಆದರೆ ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪೂ ಬೇಕು. ದಿನಾ ಅರ್ಧ ಗಂಟೆ ಬಿರುಸಿನ ನಡಿಗೆ, ಒಂದಿಷ್ಟು ಎಳೆಬಿಸಿಲು, ಹತ್ತಿಯ ಸಡಿಲ ಬಟ್ಟೆ, ಕಾಫಿ ಕಡಿಮೆ ಮಾಡುವುದು, ಹೊಗೆಸೊಪ್ಪು ಬಿಡುವುದು ಇವೆಲ್ಲ ನೆರವಾಗುತ್ತವೆ.

ಇಷ್ಟಕ್ಕೂ ಬಗ್ಗದಿದ್ದರೆ ಚಿಕಿತ್ಸೆ ಇದೆ. ಹಾರ್ಮೋನು ಚಿಕಿತ್ಸೆ ಹಲವರಿಗೆ ಗುಣ ಕೊಡುತ್ತದೆ, ಆದರೆ ಎಲ್ಲರಿಗೂ ಹೊಂದುವುದಿಲ್ಲ. ಸ್ತನ ಕ್ಯಾನ್ಸರ್ ಆದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಹಾಗಾಗಿ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಮಾತ್ರೆಯಲ್ಲ, ಸ್ತ್ರೀರೋಗ ತಜ್ಞರೇ ಹೇಳಬೇಕು.

ಒಂದು ವಿಷಯವನ್ನಂತೂ ಮರೆಯಬೇಡಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡರೆ, ಅದು ಒಂದೇ ಹನಿಯಾದರೂ, ತಡಮಾಡದೆ ವೈದ್ಯರ ಬಳಿ ಹೋಗಬೇಕು. ಎಷ್ಟೋ ಸಲ ಅದು ಸಣ್ಣ ಕಾರಣಕ್ಕಿರಬಹುದು. ಆದರೆ ಗರ್ಭಕೋಶದ ಕ್ಯಾನ್ಸರಿನ ಮೊದಲ ಸೂಚನೆಯೂ ಅದೇ ಆಗಿರಬಹುದು. ನಾಚಿಕೆಯಿಂದ ಮುಚ್ಚಿಟ್ಟರೆ ಜೀವಕ್ಕೇ ಕುತ್ತು.

2025ರಲ್ಲಿ ರಾಜ್ಯ ಸಚಿವ ಸಂಪುಟ ದುಡಿಯುವ ಮಹಿಳೆಯರಿಗೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಮುಟ್ಟಿನ ಬಗ್ಗೆ ಬಾಯಿಬಿಟ್ಟು ಮಾತಾಡಲು ಕಲಿತ ನಾವು, ಮುಟ್ಟು ನಿಲ್ಲುವುದರ ಬಗ್ಗೆಯೂ ಮಾತಾಡಬೇಕಲ್ಲವೇ? ತಾಲ್ಲೂಕು ಆಸ್ಪತ್ರೆಗೆ ಹೋಗಿಬರಲು ಸರ್ಕಾರಿ ಬಸ್ಸಿನಲ್ಲಿ ಅಮ್ಮನಿಗೆ ಟಿಕೆಟ್ ದುಡ್ಡೂ ಬೇಕಿಲ್ಲ. 30 ದಾಟಿದವರಿಗೆ ಬಿಪಿ, ಶುಗರ್ ತಪಾಸಣೆಯೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಅವರಿಗೆ ಇಲ್ಲದಿರುವುದು ಪುರುಸೊತ್ತು ಮಾತ್ರ. ಒಂದು ದಿನ ಮನೆಯ ಅಡುಗೆ, ಪಾತ್ರೆ ನಾವು ನೋಡಿಕೊಂಡರೆ ಅದೂ ಸಿಗುತ್ತದೆ.