ಪರಮಾಣುಗಳ ಚದುರಂಗ
ನೀರು ಹೆಪ್ಪುಗಟ್ಟಬೇಕಾದರೆ ತಾಪಮಾನ ಇಳಿಯಬೇಕು. ಆದರೆ ಪರಮ ಶೂನ್ಯದಲ್ಲೂ ವಸ್ತುವಿನ ಸ್ಥಿತಿ ಬದಲಾಗಬಲ್ಲದು. ಅಲ್ಲಿ ಬದಲಾವಣೆ ತರುವುದು ಶಾಖವಲ್ಲ, ಕಾಂತಕ್ಷೇತ್ರ, ಒತ್ತಡದಂಥ ಅಂಶಗಳು. ಇದೇ ಕ್ವಾಂಟಂ ಸ್ಥಿತ್ಯಂತರ.

ಇದನ್ನು ಲೆಕ್ಕ ಹಾಕುವುದು ಬಲು ಕಷ್ಟ. ವಸ್ತುವಿನ ಕಣಗಳು ಪುಟ್ಟ ಆಯಸ್ಕಾಂತಗಳಂತೆ ವರ್ತಿಸುವ ಗುಣವೇ ಸ್ಪಿನ್; ಪ್ರತಿ ಸ್ಪಿನ್‌ಗೆ ಎರಡು ಸ್ಥಿತಿಗಳು. 256 ಸ್ಪಿನ್‌ಗಳಿದ್ದರೆ ಸಾಧ್ಯ ಜೋಡಣೆಗಳ ಸಂಖ್ಯೆಯನ್ನು ಬರೆಯಲು 78 ಅಂಕಿಗಳು ಬೇಕು. ಅಷ್ಟನ್ನೂ ಯಾವ ಸೂಪರ್‌ಕಂಪ್ಯೂಟರೂ ನೆನಪಿಟ್ಟುಕೊಳ್ಳಲಾರದು. ಕ್ವಾಂಟಂ ಪ್ರಕೃತಿಯನ್ನು ಅನುಕರಿಸಲು ಕ್ವಾಂಟಂ ಯಂತ್ರವೇ ಬೇಕೆಂದು ರಿಚರ್ಡ್ ಫೈನ್‌ಮನ್ 1981ರಲ್ಲೇ ವಾದಿಸಿದ್ದರು.

ಹಾರ್ವರ್ಡ್‌ನ ಮಿಖಾಯಿಲ್ ಲುಕಿನ್ ಮತ್ತು ಸಂಗಡಿಗರು 2021ರಲ್ಲಿ ಅಂಥದೊಂದು ಯಂತ್ರದ ಫಲಿತಾಂಶವನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಲೇಸರ್ ಬೆಳಕಿನ ಚಿಮುಟಗಳಲ್ಲಿ ಹಿಡಿದ ರುಬಿಡಿಯಂ ಪರಮಾಣುಗಳನ್ನು 16 ಸಾಲುಗಳಲ್ಲಿ, ಸಾಲಿಗೆ 16ರಂತೆ ನಿಲ್ಲಿಸಿದರು. ಮತ್ತೊಂದು ಲೇಸರ್ ಪರಮಾಣುವನ್ನು ಹೆಚ್ಚಿನ ಶಕ್ತಿಯ ರಿಡ್‌ಬರ್ಗ್ ಸ್ಥಿತಿಗೆ ಏರಿಸುತ್ತದೆ; ಏರಿದ್ದು, ಏರದಿದ್ದು ಇವೇ ಇಲ್ಲಿ ಸ್ಪಿನ್‌ನ ಎರಡು ಸ್ಥಿತಿಗಳಂತೆ. ಒಂದು ಏರಿದರೆ ಪಕ್ಕದ್ದು ಏರಲಾರದು! ಲೇಸರ್‌ನ ಆವರ್ತನವನ್ನು ನಿಧಾನವಾಗಿ ಬದಲಿಸುತ್ತ ಹೋದಂತೆ, ಯಾವ ವಿನ್ಯಾಸವೂ ಇಲ್ಲದ ಕಡೆ ಚದುರಂಗದ ಮಣೆ ಮೂಡಿತು; ಇದೇ ಆ ಸ್ಥಿತ್ಯಂತರ. ರಿಡ್‌ಬರ್ಗ್ ಸ್ಥಿತಿಗೇರಿದ ಪರಮಾಣುಗಳು ಚಿಮುಟದಿಂದ ಹೊರಬೀಳುವುದರಿಂದ ಕ್ಯಾಮೆರಾ ಚಿತ್ರದಲ್ಲಿ ಅವುಗಳ ಜಾಗ ಕಪ್ಪು, ಉಳಿದವು ಹೊಳೆಯುವ ಚುಕ್ಕೆಗಳು.

ಪರಮಾಣುಗಳ ಅಂತರವನ್ನು ಬದಲಿಸಿದಾಗ ಬೇರೆ ವಿನ್ಯಾಸಗಳೂ ಕಂಡವು. ಕಾಗದದ ಮೇಲಷ್ಟೇ ಇದ್ದ ಸಿದ್ಧಾಂತಗಳನ್ನು ಹೀಗೆ ಒಂದೊಂದೇ ಪರಮಾಣುವಿನ ಮಟ್ಟದಲ್ಲಿ ಪರೀಕ್ಷಿಸಲು ಈಗ ಸಾಧ್ಯವಾಗಿದೆ.